ಹತ್ತು ವರ್ಷದ ಹುಡುಗಿಯಾಗಿ ನಾನು ಫಿನ್‌ಲ್ಯಾಂಡಿಗೆ ಹೋದದ್ದು

ಹೊರಡುವ ಮೊದಲು, ಹುಬ್ಬಳ್ಳಿಯ ಗೋಪನಕೊಪ್ಪ

ಫಿನ್‌ಲ್ಯಾಂಡಿನ ವಿಜ್ಞಾನಿಗಳು ತಿಂಗಳುಗಟ್ಟಲೆ ಕಿವಿಗೊಟ್ಟು ಕೇಳಿ, ‘ಈ ಹುಡುಗಿಯ ಕೀಲುನೋವು ಪೂರ್ತಿ ಹೋಗಿಬಿಟ್ಟಿದೆ’ ಎಂದು ಸಂತೋಷಪಟ್ಟರಲ್ಲ, ಹುಬ್ಬಳ್ಳಿಯ ಆ ಹತ್ತು ವರ್ಷದ ಹುಡುಗಿ ನಾನೇ. ನನಗೆ ಇಪ್ಪತ್ತಾರು ವರ್ಷ. ಮೀಸೆಯೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹಿಮ, ಬಸ್ಸು, ಕಾಫಿ ಎಂದೆಲ್ಲ ಓದುತ್ತ ನೀವು ನನ್ನನ್ನು ಒಳ್ಳೆಯ ಮನುಷ್ಯನೆಂದು ತಿಳಿದುಕೊಂಡೀರಿ. ಆ ಪಾಪವೂ ನನ್ನ ತಲೆಗೇ ಬಂದೀತು.

ನನ್ನ ಕಸುಬು ಮಿಮಿಕ್ರಿ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಕಾಲೇಜಿನ ಗ್ಯಾದರಿಂಗು, ಎಲ್ಲಿ ಮೈಕ್ ಇದೆಯೋ ಅಲ್ಲಿ ನಾನಿರುತ್ತೇನೆ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಸಂತೋಷದಿಂದ ಸಾರುವ ಹೆಣ್ಣುಮಗಳು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲು, ಸಿಟ್ಟಿಗೆದ್ದ ಕುಕ್ಕರ್, ಹೆಣ್ಣು ಕೊಡಲು ಬಂದು ಹಿಂದೆ ಸರಿದ ಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಾನು ಮಾತ್ರ ಅಕ್ಕನ ಮನೆಯಲ್ಲಿ ಬಿಟ್ಟಿ ಇದ್ದೇನೆ. ಶೈಲಾ ಅಕ್ಕ ಸುಳ್ಳ ಎಂಬ ಹಳ್ಳಿಯ ಶಾಲೆಯಲ್ಲಿ ಟೀಚರ್, ಮುಂಜಾನೆಯ ಬಸ್ಸಿಗೇ ಹೊರಡುತ್ತಾಳೆ. ಭಾವನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಮೊದಲ ಪಾಳಿ. ಹೀಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಉಳಿಯುವವರು ಅಕ್ಕನ ಮಗಳು ಭೂಮಿಕಾ ಮತ್ತು ನಾನು. ಅವಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕ ಹೇಳುತ್ತಾಳೆ. ನನ್ನನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಭೂಮಿ ಹೇಳುತ್ತಾಳೆ.

ಭೂಮಿಗೆ ಮಕ್ಕಳ ಸಂಧಿವಾತ. ಮೈಯನ್ನು ಕಾಯಬೇಕಾದ ಕಾವಲುಗಾರರೇ ತಲೆಕೆಟ್ಟು ಸ್ವಂತ ಕೀಲುಗಳ ಮೇಲೆ ಬಡಿಗೆ ಬೀಸುವ ಕಾಯಿಲೆ ಎಂದು ನಮ್ಮ ಹುಬ್ಬಳ್ಳಿಯ ಡಾಕ್ಟರು ತಿಳಿಸಿ ಹೇಳಿದ್ದರು. ಮುಂಜಾನೆ ಮೊಣಕಾಲು, ಮಣಿಕಟ್ಟು, ಬೆರಳು ಎಲ್ಲ ಸೆಟೆದುಕೊಂಡಿರುತ್ತವೆ. ಹೊತ್ತೇರಿದಂತೆ ಸಡಿಲುತ್ತವೆ. ಶಾಲೆಯ ಆಟೋ ಬರುವಷ್ಟರಲ್ಲಿ ನೆಟ್ಟಗೆ ನಡೆಯುತ್ತಾಳಾದ್ದರಿಂದ ಶಾಲೆಯಲ್ಲಿ ಯಾರೂ ಇವಳ ನೋವನ್ನು ನಂಬುವುದಿಲ್ಲ. ನಂಬುವವರು ಓಣಿಯ ಮುದುಕಿಯರು ಮಾತ್ರ. ಮೊಣಕಾಲು ಬೇನೆ ತಮ್ಮ ಸಂಘದ ಸ್ವತ್ತೆಂದು ತಿಳಿದಿದ್ದ ಅವರು ಈ ಹೊಸ ಸದಸ್ಯೆಗೆ ಕಟ್ಟೆಯ ಮೇಲೆ ಜಾಗ ಬಿಟ್ಟುಕೊಟ್ಟು ವಿಚಾರಿಸುತ್ತಾರೆ:

“ಯವ್ವಾ, ನಿಂದು ಯಾವ ಕಡೀದು? ಬಲಗಡೀದೋ ಎಡಗಡೀದೋ?”

“ಎರಡೂ ಕಡೀದು, ಆಯಿ.”

“ನಂದೂ ಎರಡೂ ನೋಡು!” ಎಂದು ಆಯಿ ಹಿಗ್ಗುತ್ತಾರೆ.

ವಾರಕ್ಕೊಮ್ಮೆ ಭೂಮಿಗೆ ಒಂದು ಹಳದಿ ಬಣ್ಣದ ಸೂಜಿಮದ್ದು. ಚುಚ್ಚುವ ನೋವು ಹೇಗೂ ತಡೆಯುತ್ತಾಳೆ. ಆಮೇಲೆ ಬರುವ ವಾಕರಿಕೆ ತಡೆಯಲಾರಳು. ಹಳದಿ ಬಣ್ಣವೇ ಆಗದಂತಾಗಿ ಚಿತ್ರಾನ್ನ ಬಿಟ್ಟಳು, ಮಾವಿನಹಣ್ಣು ಬಿಟ್ಟಳು.

ಇನ್ನು ಫಿನ್‌ಲ್ಯಾಂಡು. ಅಲ್ಲಿಯ ತಾಂಪೆರೆ ಎಂಬ ಊರಿನಲ್ಲಿ ಒಂದು ಸಂಶೋಧನೆಯ ತಂಡ. ಮಕ್ಕಳು ತಮ್ಮ ನೋವನ್ನು ಬಾಯಿಬಿಟ್ಟು ಸರಿಯಾಗಿ ಹೇಳುವುದಿಲ್ಲ, ಆದರೆ ದನಿಯಲ್ಲಿ ಅದು ಎಲ್ಲೋ ಅಡಗಿರುತ್ತದೆ, ಅದನ್ನು ಹೆಕ್ಕಲು ಯಂತ್ರಕ್ಕೆ ಕಲಿಸಬಹುದೇ ಎಂದು ನೋಡುವುದು ಅವರ ಕೆಲಸ. ಹಲವು ದೇಶಗಳ ಮಕ್ಕಳಿಗೆ ರವಿವಾರ ಬಿಟ್ಟು ದಿನಾ ಮುಂಜಾನೆ ಫೋನ್ ಬರುತ್ತದೆ. ಮಗು ತನ್ನ ಮಾತಿನಲ್ಲೇ ಒಂದಿಷ್ಟು ಮಾತಾಡಬೇಕು. ನಮ್ಮ ಡಾಕ್ಟರು ಭೂಮಿಯ ಹೆಸರು ಕೊಟ್ಟಿದ್ದರು. ಫೋನನ್ನು ಅವಳ ಬಾಯಿಗೆ ಹಿಡಿಯುವುದು ನನ್ನ ಉದ್ಯೋಗ.

ಒಂದು ಮುಂಜಾನೆ ಅವಳು ತಲೆತುಂಬ ಕೌದಿ ಹೊದ್ದು ಮಲಗಿದ್ದಳು. ಫೋನ್ ಬಡಿದುಕೊಳ್ಳುತ್ತಿತ್ತು.

“ನನಗ ಬ್ಯಾಡ ಮಾಮಾ. ನೀನ ಮಾತಾಡು. ನನ್ನ ದನಿ ಬರ್ತೈತೆಲ್ಲ ನಿನಗ.”

ಮಾತಾಡಿದೆ. “ನಾ ಆರಾಮ ಅದೇನ್ರಿ! ಮೊಣಕಾಲು ಛಲೋ ಅದಾವ್ರಿ! ಈಗ ಹಲ್ಲು ತಿಕ್ಕಾಕ ಹೊಂಟೇನ್ರಿ!” ಯಂತ್ರ ನಂಬಿತು. ಪರದೇಶದ ಯಂತ್ರವೊಂದು ನನ್ನ ಕಲೆಗೆ ಮೋಸಹೋಯಿತಲ್ಲ ಎಂಬ ಹೆಮ್ಮೆಯಲ್ಲಿ ಮರುದಿನವೂ ಮಾತಾಡಿದೆ. ಮುಂದೆ ಅದೇ ರೂಢಿಯಾಯಿತು. ಭೂಮಿಗೆ ಬೆಳಗಿನ ಕಿರಿಕಿರಿ ತಪ್ಪಿತು, ನನಗೆ ದಿನಾ ಒಂದು ಪ್ರದರ್ಶನ ಸಿಕ್ಕಿತು.

ಆಮೇಲೆ ತಾಂಪೆರೆಯಿಂದ ಸುದ್ದಿ ಬಂತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ನೋವು ಬಿಟ್ಟುಹೋದ ಮಗುವನ್ನು ಕಣ್ಣಾರೆ ನೋಡಬೇಕು; ಹುಡುಗಿ, ಅವಳ ತಾಯಿ, ಒಬ್ಬ ದುಭಾಷಿ, ಮೂವರೂ ಬನ್ನಿ. ಹುಬ್ಬಳ್ಳಿಯ ಡಾಕ್ಟರಿಗೆ ಮಾತ್ರ ಅನುಮಾನ. ಕೀಲು ಒಳಗೇ ಸವೆದರೆ ಮತ್ತೆ ಬೆಳೆಯುವುದಿಲ್ಲ, ಆದರೂ ಅವರು ನೋಡಿ ಸೂಜಿ ಬೇಡ ಅಂದರೆ ನಿಲ್ಲಿಸಿ ನೋಡೋಣ, ಎಂದರು. ಭೂಮಿಗೆ ಕೇಳಿಸಿದ್ದು ‘ನಿಲ್ಲಿಸಿ’ ಎಂಬುದೊಂದೇ. ನನಗೆ ಕೇಳಿಸಿದ್ದು ‘ಫಿನ್‌ಲ್ಯಾಂಡ್’ ಎಂಬುದೊಂದೇ. ಅಕ್ಕನಿಗೆ? ರವಿವಾರದ ಮುಂಜಾನೆ ಮಗಳು ಕುಂಟುವುದನ್ನು ಅವಳೂ ನೋಡುತ್ತಿದ್ದಳು. ಆದರೆ ಅಷ್ಟು ದೊಡ್ಡ ಯಂತ್ರ ಆರಾಮ ಎಂದಮೇಲೆ, ‘ನಿದ್ದಿಗಣ್ಣಾಗ ಹಂಗ ನಡೀತಾಳ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ದುಭಾಷಿ ಯಾರು ಎಂಬ ಪ್ರಶ್ನೆ ಬಂದಾಗ, ನಾಕು ಮಂದಿ ಇಂಗ್ಲಿಷರ ಹಾಗೆ ಮಾತಾಡಬಲ್ಲ ನಾನೇ ಎಂದಾಯಿತು. ಭೂಮಿ ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ ಎಂಬುದು ಯಾರಿಗೂ ನೆನಪಾಗಲಿಲ್ಲ. ನೆನಪಿದ್ದ ಒಬ್ಬ ಸುಮ್ಮನಿದ್ದ.

ಹೆಲ್ಸಿಂಕಿ ವಿಮಾನ ನಿಲ್ದಾಣ

ಅಷ್ಟು ಹೊತ್ತು ವಿಮಾನದಲ್ಲಿ ಮಡಚಿಟ್ಟ ಭೂಮಿಯ ಮೊಣಕಾಲು ಬಿಚ್ಚಲೊಲ್ಲವು. ಬಾಗಿಲಲ್ಲಿ ಗಾಲಿಕುರ್ಚಿ ಹಿಡಿದು ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ತಂಡದವರು ಹೇಳಿ ತರಿಸಿದ್ದರು. ಭೂಮಿ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಹೇಳಿದಳು:

“ನಾ ಕೂಡಂಗಿಲ್ಲ. ನೋವು ಹ್ವಾದ ಹುಡುಗಿ ಗಾಲಿ ಕುರ್ಚಿ ಮ್ಯಾಲೆ ಬಂದ್ರ ಅವರು ಸೂಜಿ ಬಂದ್ ಮಾಡ್ತಾರೇನು?”

“ಮತ್ತೇನು ಮಾಡೂಣು?”

“ನೀ ಕೂಡು.”

“ನಾ ಯಾಕ ಕೂಡ್ಲಿ?”

“ಅವ್ವಗ ಹೇಳ್ಲೇನು ಮತ್ತ?”

ಕುಳಿತೆ.

“ಲೇ ಶಿವ್ಯಾ, ನಿನಗೇನಾತೋ?” ಎಂದಳು ಅಕ್ಕ.

“ಟೊಂಕ ಹಿಡದೈತಿ ಅಕ್ಕಾ. ಕುಂತು ಕುಂತು.”

“ಹುಟ್ಟಿದಾಗಿಂದ ಕುಂತಾ ಅದಿ. ಇವತ್ತ ಹಿಡೀತೇನು ಅದು?”

ಎತ್ತರದ ಮನುಷ್ಯ ಏನೂ ಕೇಳಲಿಲ್ಲ. ಕುರ್ಚಿ ಹುಡುಗಿಗೆ ಬಂದದ್ದು, ಕುಳಿತವನಿಗೆ ಮೀಸೆ ಇದೆ ಎಂಬುದು ಅವನ ಮುಖದ ಮೇಲೆ ಎಲ್ಲೂ ಕಾಣಲಿಲ್ಲ. ಹುಬ್ಬಳ್ಳಿಯಲ್ಲಾಗಿದ್ದರೆ ಇಷ್ಟರೊಳಗೆ ಸುತ್ತ ಮಂದಿ ಕೂಡಿ, ಟೊಂಕಕ್ಕೆ ಎರಡು ನಮೂನೆಯ ಎಣ್ಣೆ ಹೇಳಿ, ಒಬ್ಬಾತ ನನ್ನನ್ನು ಬೋರಲು ಮಲಗಿಸಿ ತುಳಿಯುವುದಕ್ಕೂ ತಯಾರಾಗಿರುತ್ತಿದ್ದ. ಭೂಮಿ ‘ನಾನೇ ತಳ್ಳುತ್ತೇನೆ’ ಎಂದು ಕುರ್ಚಿಯ ಹಿಡಿಕೆ ತೆಗೆದುಕೊಂಡಳು. ದಾರಿಯುದ್ದಕ್ಕೂ ಜನ ಆ ಪುಣ್ಯವಂತ ಹುಡುಗಿಯನ್ನು ನೋಡಿ ಕಣ್ಣಲ್ಲೇ ಮೆಚ್ಚಿದರು. ಒಬ್ಬ ಅಜ್ಜಿ ಅವಳ ಕೈಗೆ ಒಂದು ಕರಿ ಮಿಠಾಯಿ ಇಟ್ಟು ಹೋದರು. ಬಾಯಿಗೆ ಹಾಕಿಕೊಂಡ ಭೂಮಿ ತಕ್ಷಣ ಅದನ್ನು ತೆಗೆದು ನನ್ನ ಬಾಯಿಗೆ ಹಾಕಿದಳು. ಉಪ್ಪು, ಡಾಂಬರು, ಹಳೇ ಕೆಮ್ಮಿನ ಔಷಧಿ ಮೂರನ್ನೂ ಕೂಡಿಸಿ ಪಾಕ ಹಿಡಿದಂತಿತ್ತು.

ಉಗುಳಲು ಜಾಗ ಹುಡುಕಿ ಹಿಂದೆ ತಿರುಗಿದಾಗ ಕಂಡೆ. ಅವಳು ಕುರ್ಚಿ ತಳ್ಳುತ್ತಿರಲಿಲ್ಲ. ಹಿಡಿಕೆಗೆ ಮೈಭಾರ ಹಾಕಿ, ಅದನ್ನೇ ಊರಿಕೊಂಡು ಕಾಲು ಎಳೆಯುತ್ತಿದ್ದಳು. ನಾನು ನೋಡಿದೆನೆಂದು ಗೊತ್ತಾಗಿ ಹಲ್ಲು ಕಿಸಿದಳು. ಮಿಠಾಯಿ ನುಂಗಿಬಿಟ್ಟೆ.

ತಾಂಪೆರೆ: ಹಿಲ್ಕಾ ಅವರ ಮನೆ

ತಂಡದ ಮುಖ್ಯಸ್ಥೆ ಡಾಕ್ಟರ್ ಹಿಲ್ಕಾ ರೈಲು ನಿಲ್ದಾಣಕ್ಕೆ ತಾವೇ ಬಂದಿದ್ದರು. ‘ಡಾಕ್ಟರ್ ಅನ್ನಬೇಡಿ, ಹಿಲ್ಕಾ ಎಂದರೆ ಸಾಕು’ ಎಂದರು. ಅಷ್ಟು ವಯಸ್ಸಾದವರನ್ನು ಬರೀ ಹೆಸರಿನಿಂದ ಕರೆಯಲು ಅಕ್ಕನ ನಾಲಿಗೆ ಹೊರಳಲಿಲ್ಲ. ‘ಹಿಲ್ಕಾಬಾಯಾರ’ ಎಂದು ಶುರುಮಾಡಿದಳು, ಹೊರಡುವತನಕ ಹಾಗೆಯೇ ಕರೆದಳು.

ಮಿಮಿಕ್ರಿಯವನಿಗೆ ಫಿನ್‌ಲ್ಯಾಂಡ್ ಬರಗಾಲದ ನಾಡು. ಯಾರೂ ಮಾತಾಡುವುದಿಲ್ಲ, ನಾನು ಏನನ್ನು ಕದಿಯಲಿ? ಸಿಕ್ಕಿದ್ದು ಒಂದೇ ಸರಕು. ಅವರು ‘ಹೌದು’ ಎನ್ನುವುದನ್ನು ಕೆಲವು ಸಲ ಉಸಿರನ್ನು ಒಳಗೆ ಎಳೆದುಕೊಂಡು ಹೇಳುತ್ತಾರೆ: ‘ಯೋಹ್.’ ಬಿಸಿ ಚಹಾ ಸೊರ್ರೆಂದು ಹೀರಿದ ಹಾಗೆ, ಏನೋ ಗಾಬರಿಯಾದ ಹಾಗೆ. ಕಾರಿನಲ್ಲಿ ಹಿಲ್ಕಾ ಅವರು ಮೊದಲ ಸಲ ಹಾಗೆ ಎಳೆದಾಗ ಅಕ್ಕ ನನ್ನ ತೊಡೆ ಚಿವುಟಿದಳು.

“ಬಾಯಾರಿಗೆ ದಮ್ಮು ಐತೇನೋ? ನೀರು ಕೊಡೋ.”

“ದಮ್ಮಲ್ಲಕ್ಕಾ, ಹೂಂ ಅನ್ನಾಕತ್ತಾರ.”

“ಹೂಂ ಅನ್ನಾಕ ಇಷ್ಟು ತ್ರಾಸು ಪಡ್ತಾರೇನು?”

ನಾನು ಹಿಂದಿನ ಸೀಟಿನಲ್ಲಿ ಅಭ್ಯಾಸ ಮಾಡಿ ಬಿಕ್ಕಳಿಕೆ ತರಿಸಿಕೊಂಡೆ.

ಮನೆಯ ಬಾಗಿಲಲ್ಲೇ ಎಲ್ಲರೂ ಬೂಟು ಬಿಚ್ಚಿದರು. ನಮ್ಮ ಹಾಗೆಯೇ ಇದ್ದಾರೆ ಎಂದು ಅಕ್ಕನಿಗೆ ಸಮಾಧಾನ. ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಬಂದು ಫಿನ್‌ಲ್ಯಾಂಡನ್ನು ನೋಡುತ್ತಿತ್ತು. ಸುರುಳಿ ಸುತ್ತಿದ ಬಿಸಿ ಬನ್ನು ಕೊಟ್ಟರು. ಅಕ್ಕ ಕಚ್ಚಿದವಳೇ ಕಣ್ಣರಳಿಸಿ, “ಯಾಲಕ್ಕಿ! ಶಿವ್ಯಾ, ಇವರೂ ಯಾಲಕ್ಕಿ ಹಾಕ್ತಾರೋ!” ಎಂದು, ಕಳೆದುಹೋದ ಸಂಬಂಧಿಕರು ಸಿಕ್ಕವಳಂತೆ ಹಿಲ್ಕಾ ಅವರ ಕೈ ಹಿಡಿದುಕೊಂಡಳು. ಹಿಲ್ಕಾ ಕೈ ಬಿಡಿಸಿಕೊಳ್ಳಲಿಲ್ಲ; ಅದು ಯಾರದೋ ಕೈ ಎಂಬಂತೆ ನೋಡುತ್ತ ಕುಳಿತರು.

ಆಮೇಲೆ ಭೂಮಿಯನ್ನು ಕೇಳಿದರು: “ನಿನಗೆ ಹಾಲು ಬೇಕೋ, ಹಣ್ಣಿನ ರಸವೋ?”

“ಏನೂ ಬ್ಯಾಡ್ರಿ,” ಎಂದಳು ಅಕ್ಕ. “ಜ್ಯೂಸ್, ಜ್ಯೂಸ್,” ಎಂದೆ ನಾನು.

ಹಿಲ್ಕಾ ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ಭೂಮಿಯನ್ನು ನೋಡುತ್ತ ಸುಮ್ಮನೆ ಕುಳಿತರು. ನಮ್ಮ ದವಾಖಾನೆಯಲ್ಲಿ ಡಾಕ್ಟರು ‘ಹ್ಯಾಂಗದಿ ಪುಟ್ಟಿ?’ ಎಂದು ಕೇಳಿದರೆ ಅಕ್ಕ ಉತ್ತರ ಕೊಡುತ್ತಾಳೆ, ನಾನು ಅದನ್ನು ತಿದ್ದುತ್ತೇನೆ, ಬೆಂಚಿನ ಮೇಲೆ ಕುಳಿತ ಯಾರೋ ಹೆಣ್ಣುಮಗಳು ‘ಹೋದ ವಾರಕ್ಕಿಂತ ಮುಖದಾಗ ಕಳೆ ಐತ್ರಿ’ ಎಂದು ಸೇರಿಸುತ್ತಾಳೆ. ಪುಟ್ಟಿಯ ಸರದಿ ಬರುವಷ್ಟರಲ್ಲಿ ಮುಂದಿನ ಪೇಷಂಟು ಒಳಗೆ ಬಂದಿರುತ್ತಾನೆ. ಇಲ್ಲಿ ನೋಡಿದರೆ ಗಡಿಯಾರದ ಸದ್ದು. ಸೂರಿನ ಮೇಲಿಂದ ಹಿಮ ಜಾರಿ ಬಿದ್ದ ಸದ್ದು. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ದಣಿವಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

“ಹಾಲು,” ಎಂದಳು ಭೂಮಿ ಕಡೆಗೆ.

ಅಕ್ಕ ನನ್ನ ಕಡೆ ತಿರುಗಿ, “ಹಾಲು ಕುಡೀತಾಳೇನೋ ಇಕಿ?” ಎಂದಳು. ಹೆತ್ತವಳು ನನ್ನನ್ನು ಕೇಳುತ್ತಿದ್ದಳು.

ಬಸ್ ನಿಲ್ದಾಣ

ಮರುದಿನ ತಂಡದ ಕಟ್ಟಡಕ್ಕೆ ಬಸ್ಸಿನಲ್ಲಿ ಹೋಗಬೇಕಿತ್ತು. ನಿಲ್ದಾಣದಲ್ಲಿ ಒಬ್ಬನೇ ಒಬ್ಬ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನು ಒಂದು ಹೆಜ್ಜೆ ಸರಿದ. ನನಗೆ ಜಾಗ ಮಾಡಿಕೊಟ್ಟನಲ್ಲ, ಎಂಥ ಸಜ್ಜನ ಎಂದು ನಾನೂ ಒಂದು ಹೆಜ್ಜೆ ಸರಿದೆ. ಅವನು ಮತ್ತೆ ಸರಿದ. ಬಿಟ್ಟುಕೊಟ್ಟ ಜಾಗವನ್ನು ತೆಗೆದುಕೊಳ್ಳದಿದ್ದರೆ ಅವಮಾನವಾದೀತೆಂದು ನಾನೂ ಸರಿದೆ. ಹೀಗೆ ನಾವಿಬ್ಬರೂ ಒಂದು ಮಾತೂ ಆಡದೆ, ಅತ್ಯಂತ ಸೌಜನ್ಯದಿಂದ, ಒಂದು ಔಷಧಿ ಅಂಗಡಿ ದಾಟಿ ಮುಂದಿನ ತಿರುವಿನ ತನಕ ಬಂದೆವು. ಬಸ್ಸು ಬಂತು. ಅಕ್ಕ ಮತ್ತು ಭೂಮಿ ನಿಂತಲ್ಲಿ ನಿಂತಿತು. ಅವರು ಹತ್ತಿದರು. ಬಸ್ಸು ನಮ್ಮಿಬ್ಬರ ಮುಂದೆಯೇ ಹಾದು ಹೋಯಿತು; ಕಿಟಕಿಯಿಂದ ಭೂಮಿ ರಾಜಕಾರಣಿಯ ಹಾಗೆ ಕೈಬೀಸಿದಳು.

ಆ ಮನುಷ್ಯ ಬಸ್ಸನ್ನು ನೋಡಿದ. ನನ್ನನ್ನು ನೋಡಿದ. “ಯೋಹ್,” ಎಂದು ಉಸಿರೆಳೆದುಕೊಂಡ.

ನಮ್ಮ ಚಿಗರಿ ಬಸ್ಸಿನಲ್ಲಾಗಿದ್ದರೆ ಅಷ್ಟರಲ್ಲಿ ಅವನ ಮೊಣಕೈ ನನ್ನ ಪಕ್ಕೆಲುಬಿನಲ್ಲಿ ಇರುತ್ತಿತ್ತು, ನನ್ನ ಮದುವೆಯ ಸುದ್ದಿ ಅವನ ಬಾಯಲ್ಲಿ. ನನಗೆ ಅಳು ಬಂತು. ದಿನಾ ಮುಂಜಾನೆ ಭೂಮಿಯನ್ನು ಬಿಟ್ಟರೆ ನನ್ನ ಜತೆ ಮಾತಾಡುತ್ತಿದ್ದದ್ದು ಯಂತ್ರವೊಂದೇ ಎಂದು ನೆನಪಾಯಿತು. ಅದಕ್ಕೂ ಸುಳ್ಳೇ ಹೇಳಿದ್ದೆ.

ಸಭಾಂಗಣ

ತಡವಾಗಿ ತಲುಪಿದಾಗ ಸಭಾಂಗಣ ತುಂಬಿತ್ತು. ಹಲವು ದೇಶಗಳ ಮಕ್ಕಳು, ಅವರ ಮನೆಯವರು. ಎಲ್ಲರದೂ ಕೀಲುನೋವೇ ಅಲ್ಲ. ಅಕ್ಕನ ಪಕ್ಕದಲ್ಲಿ ತುರ್ಕಿಯ ಒಬ್ಬ ಅಜ್ಜಿ ಮೊಮ್ಮಗನೊಂದಿಗೆ ಕುಳಿತಿದ್ದರು. ಆ ಹುಡುಗನಿಗೆ ಯಾವ ಸೋಂಕೂ ಇಲ್ಲದೆ ಜ್ವರ ಆಗಾಗ ತಾನೇ ಏರಿ ತಾನೇ ಇಳಿಯುತ್ತದಂತೆ. ಹುಡುಗನಿಗೆ ಯಾರೇನು ಕೇಳಿದರೂ ಅಜ್ಜಿಯೇ ಉತ್ತರ ಕೊಡುತ್ತಿದ್ದರು. ಅಕ್ಕನಿಗೆ ತವರೂರಿನವರು ಸಿಕ್ಕಷ್ಟು ಸಂತೋಷ. ಅವರಿಗೆ ಕನ್ನಡ ಬಾರದು, ಇವಳಿಗೆ ತುರ್ಕಿ ಬಾರದು. ಇಬ್ಬರೂ ಒಟ್ಟಿಗೇ, ಒಂದೇ ಸಮನೆ ಮಾತಾಡುತ್ತಿದ್ದರು.

ಹಿಲ್ಕಾ ವೇದಿಕೆಗೆ ಬಂದರು. ಪರದೆಯ ಮೇಲೆ ದನಿಯೊಳಗಿನ ನೋವನ್ನು ತೋರಿಸುವ ಒಂದು ಗೆರೆ. ಮೊದಲು ನಮ್ಮೂರ ನೃಪತುಂಗ ಬೆಟ್ಟದ ಹಾಗೆ ಏರಿಳಿತ, ಒಂದು ಕಡೆಯಿಂದ ಮುಂದಕ್ಕೆ ನುಣ್ಣಗೆ ಸಪಾಟು. “ಹುಬ್ಬಳ್ಳಿಯ ಹುಡುಗಿ,” ಎಂದರು. ಬೆಟ್ಟ ಮುಗಿದು ಸಪಾಟು ಶುರುವಾದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಕೌದಿಯೊಳಗಿಂದ ‘ನೀನ ಮಾತಾಡು’ ಎಂದದ್ದು ಅಲ್ಲಿ.

ಆಮೇಲೆ ದನಿ ಕೇಳಿಸಿದರು. ದೊಡ್ಡ ಸ್ಪೀಕರುಗಳಲ್ಲಿ, ಎಷ್ಟೋ ದೇಶಗಳ ಮುಂದೆ: “ನಾ ಆರಾಮ ಅದೇನ್ರಿ! ಮೊಣಕಾಲು ಛಲೋ ಅದಾವ್ರಿ!”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಏನು ಹೇಳಲಿ, ರಕ್ತದಲ್ಲಿ ಬಂದುಬಿಟ್ಟಿದೆ. ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಮೂರೂ ದಿಕ್ಕಿಗೆ ಬಾಗಿ ನಮಸ್ಕರಿಸಿದೆ.

“ಕೂಡು ಮಾಮಾ,” ಎಂದು ಭೂಮಿ ಹಲ್ಲು ಕಚ್ಚಿ ಹೇಳಿದಳು. “ಚಪ್ಪಾಳಿ ನನಗ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ಕೇಳಿದ್ಯೇನೋ ನನ್ನ ಮಗಳ ದನಿ? ಎಷ್ಟು ಗೆಲುವೈತಿ ನೋಡು. ಇನ್ನ ಸೂಜಿ ಇಲ್ಲ ಬಿಡು,” ಎಂದಳು. ನಾನು ಕುಳಿತೆ.

ಭೂಮಿಯನ್ನು ವೇದಿಕೆಗೆ ಕರೆದರು. ಹೋಗುವಾಗ ಹೇಗೋ ಹೋದಳು. ಇಳಿಯುವಾಗ ಕಂಬಿ ಹಿಡಿದು, ಪ್ರತಿ ಮೆಟ್ಟಿಲ ಮೇಲೂ ಎರಡೂ ಪಾದ ಕೂಡಿಸಿ, ನಗುನಗುತ್ತಲೇ ಇಳಿದಳು. ಎಲ್ಲರೂ ನಗುವನ್ನು ನೋಡಿದರು. ಹಿಲ್ಕಾ ಪಾದಗಳನ್ನು ನೋಡಿದರೆಂದು ನನಗೆ ಗುಮಾನಿ ಬಂತು.

ಹೊರಗೆ ಬಂದಮೇಲೆ ಅವಳನ್ನು ಒಂದು ಕಡೆ ಕರೆದು ಹೇಳಿದೆ: “ಭೂಮಿ, ಹೇಳಿಬಿಡೂಣು.”

“ನಾಳೆ ಒಂದಿನ ಮಾಮಾ. ನಾಳೆ ಅವರು ಸೂಜಿ ಬ್ಯಾಡ ಅಂದ್ರ ಮುಗೀತು.”

“ಕಾಲು ಸವೀತಾವಂತ. ಡಾಕ್ಟರು ಹೇಳ್ಯಾರ.”

“ನೀನ ಹೇಳಿದಿಯಲ್ಲ ದಿನಾ, ಮೊಣಕಾಲು ಛಲೋ ಅದಾವು ಅಂತ? ಈಗ ಯಾಕ ಅಂಜ್ತಿ?”

ನನ್ನ ಧಾಟಿಯಲ್ಲೇ ಹೇಳಿದಳು, ಕೈ ಆಡಿಸುವುದನ್ನೂ ಬಿಡದೆ. ಮಿಮಿಕ್ರಿ ಮನೆತನದಲ್ಲೇ ಇದೆ.

ಹಿಲ್ಕಾ ಅವರ ಕೋಣೆ

ಮರುದಿನ. ಒಂದು ಮೇಜು, ನಾಲ್ಕು ಕುರ್ಚಿ, ದೊಡ್ಡ ಕಿಟಕಿ, ಹೊರಗೆಲ್ಲ ಹಿಮ. ನಮಗೆ ಕಾಫಿ, ಭೂಮಿಗೆ ಹಾಲು. ಆ ವಾರದ ಸೂಜಿಯ ದಿನ ಅದೇ. ಅಕ್ಕ ಹುಬ್ಬಳ್ಳಿಯಿಂದ ತಂಪಿನ ಡಬ್ಬಿಯಲ್ಲಿ ತಂದದ್ದು ಮೇಜಿನ ಮೇಲಿತ್ತು. ಬೇಕೋ ಬೇಡವೋ ಎಂದು ಹಿಲ್ಕಾ ಹೇಳಬೇಕಿತ್ತು.

“ಮೊಣಕಾಲನ್ನು ಆಮೇಲೆ ಮುಟ್ಟಿ ನೋಡುತ್ತೇನೆ,” ಎಂದರು ಹಿಲ್ಕಾ. “ಮೊದಲು ನಿನ್ನ ಮುಂಜಾನೆಗಳ ಬಗ್ಗೆ ಹೇಳು.”

ಅಕ್ಕ ಬಾಯಿ ತೆರೆದಳು. ಹಿಲ್ಕಾ ಅಂಗೈ ಎತ್ತಿದರು. ಅಕ್ಕ ಬಾಯಿ ಮುಚ್ಚಿದಳು. ಸುಳ್ಳದ ಮಕ್ಕಳು ಈ ದೃಶ್ಯವನ್ನು ನೋಡಬೇಕಿತ್ತು. ಭೂಮಿ ಹಾಲಿನ ಲೋಟದೊಳಗೆ ನೋಡುತ್ತಿದ್ದಳು. ಹಿಲ್ಕಾ ಕಾದರು. ನಮ್ಮ ಕಡೆ ಪೊಲೀಸರು ಬಾಯಿ ಬಿಡಿಸಲು ಎಷ್ಟೆಲ್ಲ ಕಷ್ಟಪಡುತ್ತಾರೆ. ಇಲ್ಲಿ ಕಾಫಿ ಕೊಟ್ಟು ಸುಮ್ಮನೆ ಕೂಡಿಸುತ್ತಾರೆ, ಅಷ್ಟೇ. ನಾನು ಕಾಫಿ ಕುಡಿದೆ. ಬರೀ ಕಪ್ಪನ್ನೂ ಎರಡು ಸಲ ಕುಡಿದೆ. ಹಿಮ ನೋಡಿದೆ. ಡಬ್ಬಿ ನೋಡಿದೆ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಹಿಡಿಕೆಯ ಮೇಲೆ ಬೆಳ್ಳಗಾಗಿದ್ದ ಆ ಸಣ್ಣ ಬೆರಳುಗಳು ಕಣ್ಣ ಮುಂದೆ ಬಂದವು. ಇನ್ನೂ ಯಾರೂ ಮಾತಾಡಲಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದವನು ಎಷ್ಟೆಂದು ತಡೆದಾನು?

“ನಾನೇ!” ಎಂದು ಕೂಗಿದೆ, ಇಂಗ್ಲಿಷಿನಲ್ಲಿ. “ಆ ಹುಡುಗಿ ನಾನೇ!”

ಹಿಲ್ಕಾ ನನ್ನ ಮೀಸೆ ನೋಡಿದರು.

“ಏನಂದ್ಯೋ ಅವರಿಗೆ?” ಎಂದಳು ಅಕ್ಕ.

ದುಭಾಷಿ ನಾನೇ ತಾನೆ. ನನ್ನ ತಪ್ಪನ್ನು ಮೊದಲು ಹಿಲ್ಕಾ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ಪ್ರತಿ ವಾಕ್ಯಕ್ಕೂ ನಿಂತು, ಅಕ್ಕನಿಗೆ ಕನ್ನಡದಲ್ಲಿ ಹೇಳಿ, ಅವಳು ಕೊಟ್ಟ ಬೈಗುಳವನ್ನು ಮತ್ತೆ ಇಂಗ್ಲಿಷಿಗೆ ತಂದು ಹಿಲ್ಕಾ ಅವರಿಗೆ ಒಪ್ಪಿಸಬೇಕಾಯಿತು. ‘ಮಂಗ್ಯಾನಂಥವನ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಆ ಬಿಸಿ ಬರುವುದಿಲ್ಲ, ಆದರೂ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ.

ಹಿಲ್ಕಾ ನಂಬಲಿಲ್ಲ. ಯಂತ್ರ ತೆರೆದು ನನ್ನ ಮುಂದೆ ಇಟ್ಟರು. ಗಂಟಲು ಸರಿಮಾಡಿಕೊಂಡು, “ನಾ ಆರಾಮ ಅದೇನ್ರಿ! ಮೊಣಕಾಲು ಛಲೋ ಅದಾವ್ರಿ!” ಎಂದೆ. ತೆರೆಯ ಮೇಲೆ ನುಣ್ಣನೆಯ ಗೆರೆ ಓಡಿತು. ಹಿಲ್ಕಾ ಬಹಳ ಹೊತ್ತು ಅದನ್ನೇ ನೋಡಿ ಉಸಿರನ್ನು ಒಳಗೆಳೆದುಕೊಂಡರು. ಈ ಸಲ ಅದು ‘ಹೌದು’ ಅಲ್ಲ, ಖರೇನೇ ದಮ್ಮು ಎನ್ನಿಸಿತು.

ಅಕ್ಕನ ಬೈಗುಳ ಕಾರಿಡಾರಿನ ಕೊನೆಯತನಕ ಕೇಳಿಸಿರಬೇಕು. ಎರಡು ಬಾಗಿಲು ತೆರೆದು ಮುಚ್ಚಿದವು. ಬೈಯುತ್ತಿದ್ದವಳು ನಡುವೆಯೇ ನಿಂತಳು.

“ನಾನೂ ನೋಡೇನಲ್ಲೋ,” ಎಂದಳು ಮೆಲ್ಲಗೆ. “ರವಿವಾರಕ್ಕೊಮ್ಮೆ ನೋಡೇನಿ. ನೋಡಿ ಸುಮ್ನಾಗೇನಿ.”

ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಹಿಲ್ಕಾ ಕೇಳಲೂ ಇಲ್ಲ. ಭೂಮಿಯ ಕಡೆ ತಿರುಗಿ ಮೊದಲಿನ ಮಾತನ್ನೇ ಮತ್ತೆ ಹೇಳಿದರು: “ನಿನ್ನ ಮುಂಜಾನೆಗಳ ಬಗ್ಗೆ ಹೇಳು.” ಮತ್ತೆ ಕಾದರು. ಈ ಸಲ ನಾನೂ ಕಾದೆ.

ಭೂಮಿ ತನ್ನದೇ ಇಂಗ್ಲಿಷಿನಲ್ಲಿ ಶುರುಮಾಡಿದಳು. ನನ್ನದಕ್ಕಿಂತ ಚೆನ್ನಾಗಿತ್ತು. ಬ್ರಷ್ ಹಿಡಿಯಲು ಮುಷ್ಟಿ ಮುಚ್ಚುವುದಿಲ್ಲ, ಎರಡೂ ಅಂಗೈ ನಡುವೆ ಇಟ್ಟು ತಿಕ್ಕುತ್ತೇನೆ. ಮಂಚದಿಂದ ಇಳಿಯುವುದಿಲ್ಲ, ಜಾರುತ್ತೇನೆ. ಬಚ್ಚಲ ಬಾಗಿಲ ಚಿಲಕ ಹಾಕುವುದಿಲ್ಲ. ಹಾಕಿದರೆ ತೆಗೆಯಲು ಬರುವುದಿಲ್ಲ. ಮಾಮಾ ಹೊರಗೆ ನಿಂತು ಹಾಡು ಹೇಳುತ್ತಾನೆ, ಯಾರೂ ಬರಬಾರದು ಅಂತ. ಅವಳು ಹೇಳುತ್ತಿದ್ದಾಗ ಯಂತ್ರ ಇನ್ನೂ ತೆರೆದೇ ಇತ್ತು. ಗೆರೆ ಬೆಟ್ಟ ಹತ್ತಿ ಇಳಿದು ಮತ್ತೆ ಹತ್ತುತ್ತಿತ್ತು. ನಾನು ಅವಳ ದನಿಯನ್ನು ದಿನಾ ಕೇಳುತ್ತೇನೆ. ಒಂದು ಎಳೆಯೂ ಬಿಡದೆ ಹಿಡಿದಿದ್ದೇನೆ ಎಂದು ಬೀಗುತ್ತಿದ್ದೆ.

ಹಿಲ್ಕಾ ಮೊಣಕಾಲು ಮುಟ್ಟಿ ನೋಡಿದರು. ಬೆಚ್ಚಗಿದೆ, ಊದಿದೆ, ಎಂದರು. ಮದ್ದು ನಿಲ್ಲಿಸುವ ಮಾತೇ ಇಲ್ಲ. ವಾಕರಿಕೆಗೆ ಏನು ಮಾಡಬಹುದು, ಬೇರೆ ದಾರಿ ಇದೆಯೇ ಎಂದು ನಿಮ್ಮ ಡಾಕ್ಟರ ಜತೆ ಮಾತಾಡುತ್ತೇನೆ, ಆದರೆ ಈ ವಾರದ್ದು ಈ ವಾರವೇ ಆಗಬೇಕು. ನನ್ನ ಧ್ವನಿಗಳನ್ನೆಲ್ಲ ಭೂಮಿಯ ಲೆಕ್ಕದಿಂದ ತೆಗೆದುಹಾಕುತ್ತಾರಂತೆ. ಆದರೆ ಅಳಿಸುವುದಿಲ್ಲ. ಯಂತ್ರ ಹೇಗೆ ಮೋಸಹೋಯಿತೆಂದು ತಿಳಿಯಲು ಬೇರೆಯಾಗಿ ಇಟ್ಟುಕೊಳ್ಳುತ್ತಾರಂತೆ.

“ಕೇಳಿದ್ಯೇನಕ್ಕಾ? ವಿಜ್ಞಾನಕ್ಕ ನಾ ಬೇಕಂತ!” ಎಂದೆ.

ಅಕ್ಕ ನೋಡಿದ ನೋಟಕ್ಕೆ ಕಾಲುಚೀಲದ ಹೆಬ್ಬೆರಳೂ ಒಳಗೆ ಹೋಯಿತು.

ನರ್ಸ್ ಬಂದು ಡಬ್ಬಿ ತೆರೆದರು. ಹಳದಿ ಕಂಡದ್ದೇ ಭೂಮಿ ಮುಖ ತಿರುಗಿಸಿದಳು. ನನ್ನ ಕಡೆಗಂತೂ ನೋಡಲೇ ಇಲ್ಲ. ಒಂದು ದಿನ ತಡೆ ಎಂದರೂ ತಡೆಯದವನು ನಾನು, ಗೆದ್ದ ಆಟವನ್ನು ಕೆಡಿಸಿದವನು. ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆ ನೋಡುತ್ತಿದ್ದ ಆ ಹುಡುಗಿಯ ಮುಂದೆ ಮಂಡಿಯೂರಿ ಕುಳಿತು, ನನ್ನ ಬಳಿ ಇದ್ದ ಒಂದೇ ವಿದ್ಯೆಯನ್ನು ಮುಂದಿಟ್ಟೆ.

“ಭೂಮಿ, ನೀ ಸುಮ್ನ ಕೂಡು. ನಿನ್ನ ಬದ್ಲಿ ನಾ ಅಳ್ತೇನಿ, ನಿನ್ನ ದನ್ಯಾಗನ. ಜೋರಾಗಿ ಅಳ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ.”

ನಾನು ಏನೆಂದೆ ಎಂದು ಹಿಲ್ಕಾ ಕೇಳಿದರು. ಅಕ್ಕ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು. ನರ್ಸ್ ಸೂಜಿ ಹಿಡಿದು ನಿಂತರು. ಎಲ್ಲರೂ ಭೂಮಿಯ ಉತ್ತರಕ್ಕೆ ಕಾದರು.

ಭೂಮಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಸೊರ್ರೆಂದು ಮೂಗು ಎಳೆದುಕೊಂಡಳು.

“ಅಳೂದು ನಾನ ಅಳ್ತೇನಿ, ಮಾಮಾ. ಸೂಜಿ ನೀ ತಗೋ.”